ಎಣ್ಣೆ ಮೆತ್ತಿದ ರೆಕ್ಕೆ: ಮಾದರಿ ವಿಮಾನದ ಬಟ್ಟೆಗೂ ಬೇಕು ಆರೈಕೆ

ಊರಾಚೆಯ ಬತ್ತಿದ ಕೆರೆಯಂಗಳ, ಇನ್ನೂ ಬಿಸಿಲೇರದ ಹೊತ್ತು. ಆರಡಿ ಅಗಲದ ರೆಕ್ಕೆಯ ವಿಮಾನವೊಂದು ಗುಂಯ್‌ಗುಡುತ್ತ ಎರಡು ಸುತ್ತು ಹೊಡೆದು, ಸದ್ದು ತಗ್ಗಿಸಿಕೊಂಡು, ಒಣಹುಲ್ಲಿನ ಮೇಲೆ ಸಣ್ಣಗೆ ಕುಪ್ಪಳಿಸಿ ನಿಲ್ಲುತ್ತದೆ. ಮಕ್ಕಳು ಓಡಿಹೋಗಿ ಸುತ್ತುವರಿಯುತ್ತಾರೆ. ಮೇಲಿನಿಂದ ನೋಡಿದರೆ ಕೆಂಪು-ಬಿಳಿ ಪಟ್ಟೆಯ ರೆಕ್ಕೆ ಥಳಥಳ. ವಿಮಾನವನ್ನು ಎತ್ತಿ ಮಗುಚಿದಾಗ ಮಾತ್ರ ಇನ್ನೊಂದು ಮುಖ ಕಾಣಿಸುತ್ತದೆ: ಸೈಲೆನ್ಸರಿನ ಬಾಯಿಂದ ಬಾಲದ ತುದಿಯವರೆಗೆ ಹೊಟ್ಟೆಯುದ್ದಕ್ಕೂ ಜಿಡ್ಡು, ಜಿಡ್ಡಿಗೆ ಅಂಟಿದ ಕೆಂಧೂಳು, ಹುಲ್ಲಿನ ಚೂರು, ಒಂದೆರಡು ಹುಳ.

ಮಾದರಿ ವಿಮಾನ ಎಂದೊಡನೆ ನಮಗೆ ನೆನಪಾಗುವುದು ಎಂಜಿನ್, ರಿಮೋಟ್, ಬ್ಯಾಟರಿ. ಅದರ ಮೈಮೇಲಿರುವುದು ಬಟ್ಟೆ ಎಂಬುದು ಹಲವರಿಗೆ ಗೊತ್ತಿರಬಹುದು. ಆ ಬಟ್ಟೆಯನ್ನು ಹೇಗೆ ಕಾಪಾಡುತ್ತಾರೆ, ಹೇಗೆ ಶುಚಿ ಮಾಡುತ್ತಾರೆ ಎಂಬುದರ ಮೇಲೆಯೇ ವಿಮಾನದ ಆಯಸ್ಸು ನಿಂತಿದೆ ಎಂಬುದು ಮಾತ್ರ ಕಟ್ಟುವವರಲ್ಲೂ ಎಲ್ಲರಿಗೂ ಮನವರಿಕೆಯಾಗಿಲ್ಲ.

ಹೊದಿಕೆಯೂ ಹೌದು, ಮೂಳೆಯೂ ಹೌದು

ಬಾಲ್ಸಾ ಮರದ ತೆಳು ಪಟ್ಟಿಗಳಿಂದ ಕಟ್ಟಿದ ರೆಕ್ಕೆಯ ಹಂದರವನ್ನು, ಬಟ್ಟೆ ಹೊದಿಸುವ ಮೊದಲು ಎರಡೂ ತುದಿ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಸಲೀಸಾಗಿ ಬಳುಕುತ್ತದೆ. ಇನ್ನೊಂದಿಷ್ಟು ಒತ್ತಿದರೆ ಲಟಕ್ಕನೆ ಮುರಿಯುವ ಭಯ. ಅದೇ ಹಂದರಕ್ಕೆ ಬಟ್ಟೆ ಬಿಗಿದ ಮೇಲೆ ತಿರುಚಿದರೆ ಅದು ಕೈಗೆ ಎದುರು ನಿಲ್ಲುತ್ತದೆ. ಮರ ಅದೇ, ಅಂಟು ಅದೇ. ಬದಲಾಗಿರುವುದು ಎಲ್ಲ ದಿಕ್ಕಿನಿಂದಲೂ ಬಿಗಿಯಾಗಿ ಎಳೆದು ನಿಂತಿರುವ ಬಟ್ಟೆಯೊಂದೇ.

ಈ ಗುಟ್ಟು ರೈಟ್ ಸಹೋದರರಿಗೆ ಗೊತ್ತಿತ್ತು. 1903ರ ತಮ್ಮ ವಿಮಾನಕ್ಕೆ ಅವರು ಹೊದಿಸಿದ್ದು ಅಂಗಡಿಯಲ್ಲಿ ಸಿಗುವ ಸಾದಾ ಮಸ್ಲಿನ್ ಹತ್ತಿ ಬಟ್ಟೆ. ಅದರ ನೂಲೆಳೆಗಳು ರೆಕ್ಕೆಯ ಉದ್ದಕ್ಕೆ ನೇರವಾಗಿರದೆ 45 ಡಿಗ್ರಿ ಓರೆಯಾಗಿ ಬರುವಂತೆ ಹೊಲಿದರು. ಒಂದೊಂದು ಎಳೆಯೂ ಹಂದರ ಸೊಟ್ಟಗಾಗದಂತೆ ಎಳೆದು ಹಿಡಿಯುವ ತಂತಿಯ ಕೆಲಸ ಮಾಡಿತು.

ಆದ್ದರಿಂದ ಬಟ್ಟೆಯ ಅಂಚು ಬಿಟ್ಟುಕೊಂಡರೆ ಅಥವಾ ಬಿಗಿ ಸಡಿಲವಾದರೆ ಅಂದ ಕೆಡುತ್ತದೆ ಎಂದಷ್ಟೇ ತಿಳಿದು ಸುಮ್ಮನಿರುವಂತಿಲ್ಲ. ರೆಕ್ಕೆಯ ಬಲವೇ ಅಷ್ಟು ಕುಂದಿದೆ ಎಂದರ್ಥ. ಶುಚಿ ಮಾಡುವ ಕೆಲಸವನ್ನು ಈ ಕಣ್ಣಿನಿಂದ ನೋಡಬೇಕು ಎಂಬುದೇ ನನ್ನ ವಾದ. ಹೊಳಪು ಬರುವುದು ಅದರ ಜೊತೆಗೆ ಸಿಗುವ ಸಣ್ಣ ಲಾಭ.

ಕಾಗದ, ರೇಷ್ಮೆ, ಪಾಲಿಯೆಸ್ಟರ್

ಹಳೆಯ ಮಾದರಿಗಳಿಗೆ ಜಪಾನಿನ ತೆಳು ಟಿಶ್ಯೂ ಕಾಗದ ಅಂಟಿಸುತ್ತಿದ್ದರು; ದೊಡ್ಡದಾದರೆ ರೇಷ್ಮೆ ಅಥವಾ ನೈಲಾನ್. ರೇಷ್ಮೆಯನ್ನು ಒದ್ದೆ ಮಾಡಿ ಹಂದರದ ಮೇಲೆ ಹಾಸಿ, ಒಣಗಿದ ಮೇಲೆ ಡೋಪ್ ಬಳಿಯುವುದು ಕ್ರಮ. ಡೋಪ್ ಎಂದರೆ ಸೆಲ್ಯುಲೋಸಿನಿಂದ ತಯಾರಿಸಿದ ಒಂದು ಬಗೆಯ ವಾರ್ನಿಷ್. ಅದು ಒಣಗುತ್ತ ಕುಗ್ಗಿ ಬಟ್ಟೆಯನ್ನು ತಮಟೆಯ ಚರ್ಮದಂತೆ ಬಿಗಿಗೊಳಿಸುತ್ತದೆ, ಎಳೆಗಳ ನಡುವಿನ ಸಂದಿಯನ್ನೂ ಮುಚ್ಚುತ್ತದೆ.

ದೊಡ್ಡ ವಿಮಾನಗಳೂ ಹೀಗೇ ಇದ್ದವು. ಮೊದಲ ಮಹಾಯುದ್ಧದ ವಿಮಾನಗಳಿಗೆ ಲಿನನ್ ಹೊದಿಕೆ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ, ಮುಂದೆ ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಪೈಲಟ್‌ಗಳಿಗೆ ಹಾರಾಟ ಕಲಿಸಿದ ಪುಷ್ಪಕ್ ವಿಮಾನದ ಮೈಯೂ ಬಟ್ಟೆಯದೇ. ಜಗತ್ತಿನಲ್ಲಿ ಇಂದಿಗೂ ಹಾರುತ್ತಿರುವ ಅಂಥ ಸಣ್ಣ ವಿಮಾನಗಳಿಗೆ ಈಗ ಹೆಚ್ಚಾಗಿ ಪಾಲಿಯೆಸ್ಟರ್ ಬಟ್ಟೆ ಹೊದಿಸುತ್ತಾರೆ. ಅದನ್ನು ಬಿಗಿಗೊಳಿಸಲು ಡೋಪ್ ಬೇಕಿಲ್ಲ, ಇಸ್ತ್ರಿಪೆಟ್ಟಿಗೆ ಸಾಕು. ಸುಮಾರು 120, ಆಮೇಲೆ 150, ಕೊನೆಗೆ 177 ಡಿಗ್ರಿ ಸೆಲ್ಸಿಯಸ್ ಎಂದು ಹಂತಹಂತವಾಗಿ ಕಾಯಿಸಿದರೆ ಬಟ್ಟೆ ಕುಗ್ಗಿ ಬಿಗಿಯಾಗುತ್ತದೆ. ಆ ಮಿತಿ ಮೀರಿದರೆ ಸಡಿಲಗೊಂಡು ಮತ್ತೆ ಬಿಗಿಗೆ ಬಾರದು.

ಮಾದರಿ ವಿಮಾನಕ್ಕೆ ಸಿಗುವ ಬಟ್ಟೆಯ ಬೆನ್ನಿಗೆ ಮೊದಲೇ ಅಂಟು ಲೇಪಿಸಿರುತ್ತಾರೆ. ಕಡಿಮೆ ಶಾಖದಲ್ಲಿ ಅಂಟು ಕರಗಿ ಮರಕ್ಕೆ ಹಿಡಿಯುತ್ತದೆ, ಹೆಚ್ಚು ಶಾಖದಲ್ಲಿ ಬಟ್ಟೆ ಕುಗ್ಗುತ್ತದೆ. ಸೋಲಾರ್‌ಟೆಕ್ಸ್ ಎಂಬ ಹೆಸರು ದಶಕಗಳ ಕಾಲ ಈ ಹವ್ಯಾಸದಲ್ಲಿ ಮನೆಮಾತಾಗಿತ್ತು. ಅದನ್ನು ತಯಾರಿಸುತ್ತಿದ್ದ ಬ್ರಿಟನ್ನಿನ ಕಂಪನಿ ಈಗ ಮುಚ್ಚಿದೆ. ಜರ್ಮನಿಯ ಒರಾಟೆಕ್ಸ್‌ನಂಥವು ಆ ಜಾಗ ತುಂಬಿವೆ. ಬಟ್ಟೆಯ ಬದಲು ಹೊಳೆಯುವ ಪ್ಲಾಸ್ಟಿಕ್ ಹಾಳೆ ಹೊದಿಸುವವರೂ ಬಹಳ. ಆ ಹಾಳೆ ಒರೆಸಲು ಸುಲಭ, ಆದರೆ ಚುಚ್ಚಿದರೆ ಸರ್ರನೆ ಸೀಳುತ್ತದೆ. ಬಟ್ಟೆ ಹಾಗೆ ಸೀಳುವುದಿಲ್ಲ, ಮತ್ತು ಹಳೆಯ ಕಾಲದ ವಿಮಾನದ ಪ್ರತಿರೂಪಕ್ಕೆ ನೇಯ್ಗೆ ಕಾಣುವ ಬಟ್ಟೆಯೇ ಸರಿಯಾದ ಮೈ. ನೇಯ್ಗೆ ಇರುವುದರಿಂದಲೇ ಕೊಳೆ ಕೂರಲು ಜಾಗವೂ ಹೆಚ್ಚು.

ಹರಳೆಣ್ಣೆ ಬಂದ ದಾರಿ

ಈ ಜಿಡ್ಡು ಎಲ್ಲಿಂದ ಬರುತ್ತದೆ? ಉತ್ತರ ನೂರು ವರ್ಷಕ್ಕೂ ಹಳೆಯದು. ಮೊದಲ ಮಹಾಯುದ್ಧದ ಹಲವು ವಿಮಾನಗಳಲ್ಲಿ ರೋಟರಿ ಎಂಜಿನ್‌ಗಳಿದ್ದವು; ಸಿಲಿಂಡರುಗಳೇ ಗಿರಗಿರನೆ ಸುತ್ತುವ ಎಂಜಿನ್. ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಎಣ್ಣೆಯೇ ಅದಕ್ಕೆ ಬೇಕಿತ್ತು. ಹರಳೆಣ್ಣೆ ಆ ಗುಣಕ್ಕೆ ಹೇಳಿಮಾಡಿಸಿದಂತಿತ್ತು. ಒಮ್ಮೆ ಒಳಹೋದ ಎಣ್ಣೆ ಮರಳಿ ಟ್ಯಾಂಕಿಗೆ ಬರುವ ಏರ್ಪಾಡೇ ಇರಲಿಲ್ಲ, ಎಲ್ಲವೂ ಹೊಗೆಯೊಂದಿಗೆ ಹೊರಕ್ಕೆ. ವಿಮಾನದ ಲಿನನ್ನಿಗೂ ಪೈಲಟ್‌ನ ಮುಖಕ್ಕೂ ಹರಳೆಣ್ಣೆಯ ಸಿಂಪಡಣೆ.

ಇದೇ ಎಣ್ಣೆಯ ವ್ಯಾಪಾರದಲ್ಲಿ ಹೆಸರಾದವರು ಬ್ರಿಟನ್ನಿನ ಚಾರ್ಲ್ಸ್ ವೇಕ್‌ಫೀಲ್ಡ್. ಅವರ ಕಂಪನಿಯ ಕ್ಯಾಸ್ಟ್ರಾಲ್ ಎಣ್ಣೆಯ ಹೆಸರು ಹುಟ್ಟಿದ್ದು ಕ್ಯಾಸ್ಟರ್ ಅಂದರೆ ಹರಳಿನಿಂದ. 1911ರಲ್ಲಿ ಮಾದರಿ ವಿಮಾನಗಳ ಸ್ಪರ್ಧೆಗೆ ಕಪ್ ಕೊಟ್ಟವರೂ ಅವರೇ, 1928ರಲ್ಲಿ ಅದನ್ನು ಅಂತರರಾಷ್ಟ್ರೀಯ ಪಂದ್ಯವಾಗಿ ಮತ್ತೆ ಕಟ್ಟಿದವರೂ ಅವರೇ. ವೇಕ್‌ಫೀಲ್ಡ್ ಕಪ್‌ನ ಆ ಮಾದರಿಗಳು ಹಾರುತ್ತಿದ್ದುದು ರಬ್ಬರಿನ ಬಲದಿಂದ. ಅವುಗಳ ಟಿಶ್ಯೂ ಹೊದಿಕೆಗೆ ಎಣ್ಣೆಯ ಕಾಟವಿರಲಿಲ್ಲ.

ಕಾಟ ಜೋರಾದದ್ದು 1947ರ ನಂತರ. ಆ ವರ್ಷ ಅಮೆರಿಕದ ರೇ ಆರ್ಡೆನ್ ಗ್ಲೋ ಪ್ಲಗ್ ಅನ್ನು ಮಾರುಕಟ್ಟೆಗೆ ತಂದರು. ಪುಟ್ಟ ಎಂಜಿನ್ನಿಗೆ ಕಿಡಿ ಹಾರಿಸುವ ಕಾಯಿಲ್, ಬ್ಯಾಟರಿಯ ಭಾರ ತಪ್ಪಿತು. ಪೆಟ್ರೋಲಿನ ಬದಲು ಮೆಥನಾಲ್, ಕೊಂಚ ನೈಟ್ರೋಮೀಥೇನ್ ಮತ್ತು ಎಣ್ಣೆಯ ಮಿಶ್ರಣ ಬಂತು. ಆದರೆ ಮೆಥನಾಲ್, ನೈಟ್ರೋಮೀಥೇನ್ ಎರಡೂ ಹಳೆಯ ನೈಟ್ರೇಟ್ ಡೋಪನ್ನು ಮೆತ್ತಗೆ ಮಾಡಿ ಕರಗಿಸಿಬಿಡುತ್ತವೆ. ಅಂದಿನಿಂದ ಕಟ್ಟುವವರು ಬ್ಯುಟಿರೇಟ್ ಡೋಪ್‌ಗೆ, ಇಂಧನ ತಾಳುವ ವಾರ್ನಿಷ್‌ಗಳಿಗೆ ಮೊರೆಹೋದರು.

ಲೆಕ್ಕ ಹಾಕಿದರೆ ಕೊಳೆಯ ಪ್ರಮಾಣ ತಿಳಿಯುತ್ತದೆ. ಗ್ಲೋ ಇಂಧನದಲ್ಲಿ ಸಾಮಾನ್ಯವಾಗಿ ಐದರಲ್ಲೊಂದು ಪಾಲು ಎಣ್ಣೆ. 300 ಮಿಲಿಲೀಟರಿನ ಟ್ಯಾಂಕ್ ಖಾಲಿಯಾದರೆ ಸುಮಾರು 60 ಮಿಲಿಲೀಟರ್ ಎಣ್ಣೆ ಒಳಹೋಗಿರುತ್ತದೆ. ಅದರಲ್ಲಿ ಹೆಚ್ಚಿನದು ಉರಿಯದೆ ಹೊಗೆಯೊಂದಿಗೇ ಹೊರಬೀಳುತ್ತದೆ. ಗಾಳಿಗೆ ಹೋದದ್ದು ಹೋಯಿತು, ಉಳಿದದ್ದು ವಿಮಾನದ ಮೈಗೆ. ಎರಡು ಮೂರು ಹಾರಾಟ ಮುಗಿಸಿದ ವಿಮಾನ ಎತ್ತಿಕೊಂಡವರ ಅಂಗಿಗೂ ಪಾಲು ಸಿಗುತ್ತದೆ. ಬ್ಯಾಟರಿಯಿಂದ ಹಾರುವ ಮಾದರಿಗಳಿಗೆ ಈ ತೊಂದರೆಯಿಲ್ಲ. ಅವುಗಳಿಗೆ ಧೂಳು, ಹಸಿ ಹುಲ್ಲಿನ ಕಲೆ, ಕೈಬೆವರು ಅಷ್ಟೇ.

ಅಂಚಿನಿಂದ ಶುರುವಾಗುವ ಕೇಡು

ಎಣ್ಣೆ ಬಟ್ಟೆಯ ನಟ್ಟನಡುವೆ ಬಿದ್ದರೆ ದೊಡ್ಡ ಅಪಾಯವಿಲ್ಲ, ಒರೆಸಬಹುದು. ಅದು ಹುಡುಕುವುದು ಅಂಚನ್ನು. ಎರಡು ತುಂಡು ಬಟ್ಟೆ ಒಂದರ ಮೇಲೊಂದು ಕೂತ ಜಾಗ, ರೆಕ್ಕೆಯ ಹಿಂಬದಿಯ ಕೀಲಿನ ಸಂದಿ, ಚಕ್ರದ ತಂತಿ ಒಳಹೋಗುವ ತೂತು, ಎಂಜಿನ್ ಕೂರಿಸಿದ ಪ್ಲೈವುಡ್ ಹಲಗೆಯ ಬದಿ: ಇವೇ ಅದರ ಬಾಗಿಲುಗಳು.

ಹಳೆಯ ವಿಮಾನವೊಂದರ ಹೊಟ್ಟೆಯಡಿ, ಸೈಲೆನ್ಸರಿನ ಹಿಂದಿನ ಜೋಡಣೆಯ ಗೆರೆಯನ್ನು ಹತ್ತಿರದಿಂದ ನೋಡಿ. ಬಟ್ಟೆಯ ಅಂಚು ಕೂದಲೆಳೆಯಷ್ಟು ಮೇಲೆದ್ದಿರುತ್ತದೆ, ಅದರ ಕೆಳಗೆ ಕಂದು ಬಣ್ಣದ ನೆರಳು. ಬೆರಳಿನಿಂದ ಒತ್ತಿದರೆ ಜೇನುಬಣ್ಣದ ಹನಿಯೊಂದು ಮೆಲ್ಲಗೆ ಹೊರಗೆ ಬರುತ್ತದೆ. ಅಷ್ಟು ಕಂಡರೆ ಸಾಕು, ಒಳಗಿನ ಬಾಲ್ಸಾ ಎಣ್ಣೆ ಕುಡಿದಿದೆ ಎಂದು ತಿಳಿಯಬೇಕು. ಬಾಲ್ಸಾ ಹಗುರವಾಗಿರುವುದೇ ಅದರೊಳಗೆ ಗಾಳಿ ತುಂಬಿದ ಖಾಲಿ ಜಾಗ ಬಹಳವಿರುವುದರಿಂದ. ಎಣ್ಣೆ ಹೀರಿದ ಮರ ಭಾರವಾಗುತ್ತದೆ, ಮೆತ್ತಗಾಗುತ್ತದೆ. ಅಂಟು ಹಿಡಿಯಲು ಒಣ ಮರ ಬೇಕು, ಹೀಗಾಗಿ ಬಟ್ಟೆ ಇನ್ನಷ್ಟು ಬಿಟ್ಟುಕೊಳ್ಳುತ್ತದೆ. ಬಿಟ್ಟ ಜಾಗಕ್ಕೆ ಮುಂದಿನ ವಾರದ ಎಣ್ಣೆ ಇಳಿಯುತ್ತದೆ.

ಬಾಲದ ಕಡೆ ಸೇರುವ ಭಾರ ಇನ್ನೂ ಕೆಟ್ಟದ್ದು. ವಿಮಾನದ ತೂಕದ ಕೇಂದ್ರ ರೆಕ್ಕೆಯ ಮುಂಭಾಗಕ್ಕೆ ಹತ್ತಿರ. ಅಲ್ಲಿಂದ ಮೂಗು ಗಿಡ್ಡ, ಬಾಲ ಉದ್ದ. ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ ಸರಿದೂಗಿಸಲು ಮೂಗಿನಲ್ಲಿ ಎರಡು ಮೂರು ಗ್ರಾಂ ಸೀಸ ಇಡಬೇಕಾದೀತು.

ಮೈದಾನದಲ್ಲೇ ಮುಗಿಸಬೇಕಾದ ಕೆಲಸ

ಶುಚಿ ಮಾಡುವ ಒಳ್ಳೆಯ ಹೊತ್ತು ಯಾವುದು ಎಂದು ಕೇಳಿದರೆ ನಾನು ಹೇಳುವುದು ಒಂದೇ: ವಿಮಾನ ಕಾರಿಗೆ ಹತ್ತುವ ಮುಂಚೆ. ಹರಳೆಣ್ಣೆ ಹಸಿಯಿರುವಾಗ ಸಲೀಸಾಗಿ ಬಿಡುತ್ತದೆ. ಗಾಳಿ ಬಿಸಿಲು ತಾಗಿ ಕೆಲ ದಿನ ಕಳೆದರೆ ಗಟ್ಟಿ ಪೊರೆಯಾಗುತ್ತದೆ, ಆಮೇಲೆ ಉಜ್ಜಿದರೆ ಬಣ್ಣವೂ ಕಿತ್ತುಬರುತ್ತದೆ. ಈಗಿನ ಸಿಂಥೆಟಿಕ್ ಎಣ್ಣೆ ಹಾಗೆ ಗಟ್ಟಿಯಾಗುವುದಿಲ್ಲ, ಆದರೆ ತೆಳುವಾಗಿರುವ ಅದು ಸಂದಿಗಳಿಗೆ ಬೇಗ ಹರಿಯುತ್ತದೆ. ಯಾವುದಾದರೂ ಬಿಡುವಂತಿಲ್ಲ.

ಮೊದಲು ಒಣ ಕಾಗದದ ಟವೆಲ್ಲಿನಿಂದ ಎಣ್ಣೆಯನ್ನು ಒತ್ತಿ ಹೀರಿಸಬೇಕು. ಇಲ್ಲೇ ಅನೇಕರು ಅವಸರಪಡುತ್ತಾರೆ. ಎಣ್ಣೆಯಲ್ಲಿ ಧೂಳು ಮರಳಿನ ಕಣಗಳು ಸೇರಿರುತ್ತವೆ. ಬರಬರ ಉಜ್ಜಿದರೆ ಅದು ಉಪ್ಪುಕಾಗದದ ಕೆಲಸವಾಗುತ್ತದೆ. ಮೇಲಿನ ಎಣ್ಣೆ ಹೋದ ಮೇಲೆ, ಪಾತ್ರೆ ತೊಳೆಯುವ ದ್ರವದ ಕೆಲವೇ ಹನಿ ಬೆರೆಸಿದ ನೀರನ್ನು ಬಟ್ಟೆಗೆ ಚಿಮುಕಿಸಿಕೊಂಡು ಒರೆಸಬೇಕು. ಇದಕ್ಕೆ ಹಳೆಯ ಹತ್ತಿ ಪಂಚೆಯ ತುಂಡಿಗಿಂತ ಒಳ್ಳೆಯದಿಲ್ಲ: ಎಷ್ಟೋ ಸಲ ಒಗೆದು ಮೆತ್ತಗಾಗಿರುತ್ತದೆ, ನೂಲೂ ಬಿಡುವುದಿಲ್ಲ.

ನೀರನ್ನು ನೇರವಾಗಿ ವಿಮಾನದ ಮೇಲೆ ಚಿಮ್ಮಿಸಬಾರದು. ಸೋಪು ಎಣ್ಣೆಯನ್ನು ಸಡಿಲಗೊಳಿಸಿ ನೀರಿನೊಂದಿಗೆ ಬೆರೆಸುತ್ತದೆ. ನೀರು ಕೀಲಿನ ಸಂದಿಗೆ ಇಳಿದರೆ ಎಣ್ಣೆಯನ್ನೂ ಜೊತೆಗೆ ಕರೆದೊಯ್ಯುತ್ತದೆ. ಒರೆಸುವ ದಿಕ್ಕು ಮುಂದಿನಿಂದ ಹಿಂದಕ್ಕೆ, ಬಟ್ಟೆಯ ಮಡಿಕೆ ಕೂತ ಕಡೆಗೆ. ಎದುರಾಗಿ ಒರೆಸಿದರೆ ಅಂಚು ಏಳುತ್ತದೆ. ಕೊನೆಗೆ ಸಾದಾ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದೊಮ್ಮೆ, ಒಣ ಬಟ್ಟೆಯಿಂದೊಮ್ಮೆ. ಸೋಪಿನ ಪಸೆ ಉಳಿದರೆ ಮುಂದಿನ ಧೂಳಿಗೆ ಅದೇ ಅಂಟು.

ನೇಯ್ಗೆಯೊಳಗೆ ಕೂತ ಹುಲ್ಲಿನ ಹಸಿರು ಕಲೆಗೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು, ಎಳೆಯ ದಿಕ್ಕಿನಲ್ಲಿ ಹಗುರವಾಗಿ. ಮೊಂಡು ಜಿಡ್ಡಿಗೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್ ಆಗುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಐಪಿಎ ಇದೇ. ಡೋಪ್ ಬಳಿದ ಹಳೆಯ ಮಾದರಿಗೆ ಮಾತ್ರ ಕಾಣದ ಮೂಲೆಯಲ್ಲಿ ಪರೀಕ್ಷಿಸದೆ ಆಲ್ಕೊಹಾಲ್ ತಾಗಿಸಲೇಬಾರದು. ಟಿಶ್ಯೂ ಹೊದಿಕೆಯ ಮಾದರಿಗಂತೂ ಮೆತ್ತನೆ ಕುಂಚದಿಂದ ಧೂಳು ಕೊಡವಿ, ತೇವವೇ ಇಲ್ಲವೆಂಬಷ್ಟು ಹಿಂಡಿದ ಬಟ್ಟೆಯಿಂದ ಸವರುವುದಕ್ಕಿಂತ ಹೆಚ್ಚಿನದು ಬೇಡ.

ಥಿನ್ನರ್, ಅಸಿಟೋನ್ ಹತ್ತಿರವೂ ಬರಬಾರದು. ಕಾಕ್‌ಪಿಟ್‌ನ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಅಮೋನಿಯಾ ಇರುವ ಗಾಜು ಒರೆಸುವ ದ್ರವ ತಾಗಿದರೆ ಸಣ್ಣ ಸಣ್ಣ ಬಿರುಕು ಮೂಡುತ್ತದೆ. ಕಾರಿನ ಪಾಲಿಶ್ ಹಚ್ಚಿ ಹೊಳೆಯಿಸುವ ಚಟ ಕೆಲವರಿಗಿದೆ. ಅದು ನನಗೆ ಒಪ್ಪಿಗೆಯಿಲ್ಲ. ಸಿಲಿಕೋನ್ ಇರುವ ಪಾಲಿಶ್ ಒಮ್ಮೆ ನೇಯ್ಗೆಗೆ ಇಳಿದರೆ ಮುಂದೆ ಅಲ್ಲಿ ಬಣ್ಣವೂ ಕೂರದು, ತೇಪೆಯೂ ಹಿಡಿಯದು.

ಕಟ್ಟುವಾಗಲೇ ಮಾಡಬೇಕಾದ ರಕ್ಷಣೆ

ಒರೆಸುವುದು ಸುಲಭವಾಗಬೇಕಾದರೆ ಬಟ್ಟೆಯ ಸಂದಿಗಳು ಮುಚ್ಚಿರಬೇಕು. ಹಾಗೆಂದು ಬಣ್ಣದ ಮೇಲೆ ಬಣ್ಣ ಬಳಿದರೆ ತೂಕ ಏರುತ್ತದೆ. ನೇಯ್ಗೆ ತುಂಬುವಷ್ಟು ತೆಳುವಾದ ಎರಡು ಲೇಪ, ಮೇಲೆ ಬೇಕಾದ ಬಣ್ಣ, ಕೊನೆಗೊಂದು ಪಾರದರ್ಶಕ ಪೊರೆ: ಇಷ್ಟೇ. ಲೇಪಕ್ಕೆ ಮುಂಚೆ ಕೈಯ ಜಿಡ್ಡು ಹೋಗುವಂತೆ ಆಲ್ಕೊಹಾಲಿನಿಂದ ಒಮ್ಮೆ ಒರೆಸಿಕೊಳ್ಳಬೇಕು.

ಬ್ಯಾಟರಿ ವಿಮಾನಕ್ಕೆ ನೀರಿನಲ್ಲಿ ಬೆರೆಯುವ ಪಾಲಿಯುರೇಥೇನ್ ವಾರ್ನಿಷ್ ಬಹಳ ಚೆನ್ನ. ವಾಸನೆ ಕಡಿಮೆ, ಹಗುರ, ಹೊಳಪಿಲ್ಲದ ಬಗೆಯೂ ಸಿಗುತ್ತದೆ. ಗ್ಲೋ ಎಂಜಿನ್ನಿನದಾದರೆ ಎರಡು ದ್ರವ ಬೆರೆಸಿ ಬಳಿಯುವ ಪಾಲಿಯುರೇಥೇನ್ ಹೆಚ್ಚು ಭರವಸೆಯದು. ಅದನ್ನು ಸಿಂಪಡಿಸುವಾಗ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಬಯಲು ಮತ್ತು ಸರಿಯಾದ ಮುಖಗವಸು ಎರಡೂ ಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ ವಿಮಾನ ಕಾರ್ಖಾನೆಗಳಲ್ಲಿ ಡೋಪ್ ಬಳಿಯುತ್ತಿದ್ದ ಕಾರ್ಮಿಕರು ಅದರಲ್ಲಿದ್ದ ಟೆಟ್ರಾಕ್ಲೋರೋಈಥೇನ್ ಆವಿಯಿಂದ ಕಾಮಾಲೆಗೆ ತುತ್ತಾಗಿ ಸತ್ತದ್ದುಂಟು. ಆ ದ್ರಾವಕ ಈಗ ಬಳಕೆಯಲ್ಲಿಲ್ಲ. ಎಚ್ಚರಿಕೆ ಮಾತ್ರ ಇಂದಿಗೂ ಬೇಕು.

ಯಾವ ವಾರ್ನಿಷ್ ಆದರೂ ವಿಮಾನಕ್ಕೆ ಬಳಿಯುವ ಮುನ್ನ ಅದೇ ಬಟ್ಟೆಯ ಚೂರಿಗೆ ಬಳಿದು, ಪೂರ್ತಿ ಒಣಗಿದ ಮೇಲೆ ನಿಮ್ಮ ಇಂಧನದ ಒಂದು ಹನಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಬೆರಳಿಗೆ ಅಂಟಿದರೆ ಆ ಡಬ್ಬಿ ಬೇಡ.

ಎಂಜಿನ್ ಹಿಂದಿನ ಹಲಗೆ, ಟ್ಯಾಂಕ್ ಕೂರುವ ಗೂಡು, ಸ್ಕ್ರೂ ಹೋಗುವ ತೂತುಗಳಿಗೆ ತೆಳುವಾದ ಎಪಾಕ್ಸಿ ಸವರಿಡಬೇಕು. ಹೊರಗೆ ಕಾಣದ ಈ ಕೆಲಸವೇ ಎಲ್ಲಕ್ಕಿಂತ ಮುಖ್ಯವೆಂದು ನನ್ನ ಎಣಿಕೆ, ಏಕೆಂದರೆ ಮರ ಎಣ್ಣೆ ಕುಡಿಯಲು ಶುರುಮಾಡುವುದು ಹೆಚ್ಚಾಗಿ ಇಲ್ಲಿಂದಲೇ. ಬಟ್ಟೆ ಹೊದಿಸುವ ಕ್ರಮವೂ ಹಾಗೇ: ಮೊದಲು ಕೆಳಮೈ, ಆಮೇಲೆ ಮೇಲ್ಮೈ, ಮೊದಲು ಬಾಲದ ಕಡೆ, ಆಮೇಲೆ ಮುಂದೆ. ಆಗ ಮೇಲಿನ ತುಂಡಿನ ಅಂಚು ಕೆಳಕ್ಕೆ ಮತ್ತು ಹಿಂದಕ್ಕೆ ಮುಖ ಮಾಡಿರುತ್ತದೆ. ಗಾಳಿಗೂ ಎಣ್ಣೆಗೂ ನುಗ್ಗಲು ಬಾಯಿ ಸಿಗದು.

ಬಿಸಿಲು, ಮಳೆಗಾಲ, ಕಾರಿನ ಡಿಕ್ಕಿ

ಬಟ್ಟೆಗೆ ಬಿಸಿಲೂ ಶತ್ರು. ಅತಿನೇರಳೆ ಕಿರಣಗಳು ರೇಷ್ಮೆ ಮತ್ತು ನೈಲಾನನ್ನು ಬೇಗ ಶಿಥಿಲಗೊಳಿಸುತ್ತವೆ, ಪಾಲಿಯೆಸ್ಟರನ್ನು ನಿಧಾನವಾಗಿ. ದೊಡ್ಡ ವಿಮಾನಗಳಿಗೆ ಬಣ್ಣದಡಿ ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿ ಲೇಪ ಕೊಡುವುದು ಈ ಕಿರಣ ತಡೆಯಲೆಂದೇ. ಮಾದರಿಗೆ ಆ ಭಾರ ಹೊರಿಸುವ ಬದಲು, ಹಾರಾಟದ ನಡುವೆ ಒಂದು ಕೊಡೆಯ ನೆರಳು ಒದಗಿಸಿದರೆ ಸಾಕು.

ಮಲೆನಾಡು, ಕರಾವಳಿಯವರಿಗೆ ಮಳೆಗಾಲದಲ್ಲಿ ಇನ್ನೊಂದು ತೊಂದರೆ. ತೇವದ ಹವೆಯಲ್ಲಿ ಡೋಪ್ ಬಳಿದರೆ ಮೈಯೆಲ್ಲ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ದ್ರಾವಕ ವೇಗವಾಗಿ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಹನಿಗಟ್ಟುವುದೇ ಕಾರಣ. ಅಂಥ ಲೇಪ ದುರ್ಬಲವೂ ಹೌದು. ನಿಧಾನ ಆರುವ ಥಿನ್ನರ್ ಬೆರೆಸಬೇಕು, ಇಲ್ಲವೇ ಒಣ ದಿನಕ್ಕೆ ಕಾಯಬೇಕು. ವರ್ಷಗಳು ಕಳೆದಂತೆ ಡೋಪ್ ಕುಗ್ಗುತ್ತಲೇ ಹೋಗಿ ತೆಳು ರೆಕ್ಕೆಯನ್ನು ಸೊಟ್ಟ ಮಾಡುವುದುಂಟು. ಅದನ್ನು ತಡೆಯಲು ಹಳಬರು ಡೋಪಿಗೆ ಬೆರೆಸುತ್ತಿದ್ದುದು ಏನು ಗೊತ್ತೇ? ಕೆಲವು ಹನಿ ಹರಳೆಣ್ಣೆ. ಮೇಲೆ ಬಿದ್ದರೆ ಕೊಳೆಯಾಗುವ ಎಣ್ಣೆ ಒಳಗಿದ್ದರೆ ಡೋಪನ್ನು ಮೃದುವಾಗಿಡುತ್ತದೆ.

ಮನೆಗೊಯ್ಯುವಾಗ ಮುಚ್ಚಿದ ಕಾರಿನ ಬಿಸಿಯಲ್ಲಿ ಬಟ್ಟೆ ಸುಕ್ಕಾಗಬಹುದು. ಗಾಢ ಬಣ್ಣವಾದರೆ ಇನ್ನೂ ಬೇಗ. ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಶಾಖದಲ್ಲಿಟ್ಟು, ಮೊದಲು ಅಂಚುಗಳನ್ನು ಒತ್ತಿ ಭದ್ರಪಡಿಸಿ, ಆಮೇಲೆ ನಡುವಿನ ಸುಕ್ಕಿಗೆ ಬರಬೇಕು. ಒರೆಸದ ಮೈಮೇಲೆ ಇಸ್ತ್ರಿ ಆಡಿಸಿದರೆ ಎಣ್ಣೆಯ ಕಲೆ ಸುಟ್ಟು ಶಾಶ್ವತವಾಗುತ್ತದೆ. ರೆಕ್ಕೆಗಳಿಗೆ ಹತ್ತಿಯ ಚೀಲ ಹೊಲಿಸಿ. ಗುಳ್ಳೆಗಳ ಪ್ಲಾಸ್ಟಿಕ್ ಸುತ್ತಿಟ್ಟರೆ ಬೇಸಿಗೆಯಲ್ಲಿ ಬಣ್ಣದ ಮೇಲೆ ಅದೇ ಗುಳ್ಳೆಗಳ ಅಚ್ಚು ಉಳಿಯುತ್ತದೆ.

ಹರಿದಾಗ

ಮುಳ್ಳುಗಿಡಕ್ಕೆ ತಾಗಿ ಬಟ್ಟೆ ಹರಿದರೆ, ತೇಪೆ ಹಚ್ಚುವ ಮುನ್ನ ಸುತ್ತಲಿನ ಜಾಗ ಪೂರ್ತಿ ಜಿಡ್ಡು ಬಿಟ್ಟಿರಬೇಕು. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು, ಚೂಪು ಮೂಲೆ ಮೊದಲು ಏಳುತ್ತದೆ. ಒಳಗಿನ ಮರ ಎಣ್ಣೆ ಕುಡಿದಿದ್ದರೆ ಆ ಭಾಗದ ಬಟ್ಟೆ ಬಿಡಿಸಿ, ಮೇಲೆ ಕಾರ್ನ್‌ಫ್ಲೋರನ್ನೋ ಟಾಲ್ಕಂ ಪುಡಿಯನ್ನೋ ದಪ್ಪಗೆ ಹರಡಿ, ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ ಬಿಡಬೇಕು. ಬಿಸಿಗೆ ತೆಳುವಾದ ಎಣ್ಣೆ ಪುಡಿಗೆ ಏರುತ್ತದೆ. ಹಳದಿಯಾದ ಪುಡಿ ಕೆರೆದು ಹೊಸದು ಹಾಕುತ್ತ, ಪುಡಿ ಬೆಳ್ಳಗೇ ಉಳಿಯುವವರೆಗೆ ಇದನ್ನು ಮುಂದುವರಿಸಬೇಕು. ಆಗಲೂ ಉಗುರಿನಿಂದ ಒತ್ತಿದರೆ ಮರ ಮೆತ್ತಗೆ ಕುಸಿಯುತ್ತಿದ್ದರೆ ಆ ತುಂಡನ್ನು ಕೊಯ್ದು ತೆಗೆದು ಹೊಸ ಬಾಲ್ಸಾ ಕೂರಿಸಬೇಕು, ಎಪಾಕ್ಸಿ ಸವರಬೇಕು. ಹೊಸ ಬಟ್ಟೆ ಅದರ ನಂತರ.